ಎಡಗಡೆಯ ರಾಶಿ

ಭೂಕಂಪವಾಗಿ ಐದು ತಿಂಗಳಾಗಿತ್ತು. ಭದ್ರಾವತಿಯಲ್ಲಿ ಬಿದ್ದ ಮನೆಗಳ ಗೋಡೆ, ಕಾಂಕ್ರೀಟು ಎಲ್ಲ ಸವಳಂಗ ರಸ್ತೆಯ ಆಚೆ ಇದ್ದ ನಮ್ಮ ಯಾರ್ಡಿಗೆ ಬರುತ್ತಿತ್ತು. ಗೇಟಿನಲ್ಲಿ ಕೂತು ಚೀಟಿ ಬರೆಯುವುದು ನನ್ನ ಕೆಲಸ. ಲಾರಿ ನಂಬರು, ಮನೆ ನಂಬರು, ಕೊನೆಗೊಂದು ಕಾಲಂ: ಮನೆಯಲ್ಲಿ ಸಾವು, ಹೌದು ಅಥವಾ ಇಲ್ಲ.

ಆ ಕಾಲಂ ಸರ್ಕಾರದ್ದಲ್ಲ. ಪುಡಿ ಮಾಡಿದ ಕಾಂಕ್ರೀಟಿನಿಂದ ಬ್ಲಾಕು ಮಾಡಿ ಮನೆ ಕಳೆದುಕೊಂಡವರಿಗೇ ಕೊಡುತ್ತಿದ್ದೆವು. ಸಾವಾದ ಮನೆಯದ್ದು ಬೇಡವೆಂದು ಮೊದಲ ವಾರವೇ ಕೆಲವರು ವಾಪಸು ತಂದು ಸುರಿದರು. ಅಂದಿನಿಂದ ‘ಇಲ್ಲ’ ಎಂದಿದ್ದರೆ ಎಡಗಡೆಯ ರಾಶಿಗೆ, ಬ್ಲಾಕಿಗೆ. ‘ಹೌದು’ ಎಂದಿದ್ದರೆ ಬಲಗಡೆಗೆ, ಹೊಸ ರಸ್ತೆಯ ತಳಕ್ಕೆ.

ಮಂಗಳವಾರ ಸಿದ್ದುವಿನ ಟಿಪ್ಪರಿನಲ್ಲಿ ನಮ್ಮ ಮನೆ ಬಂತು. ಅವನಿಗೆ ಗೊತ್ತಿರಲಿಲ್ಲ.

“ಬೇಗ ಬರಿ ಮಾರಾಯ, ಪರೀಕ್ಷೆ ಹಾಲ್‌ನಲ್ಲಿ ಕೂತಂಗೆ ಕೂತಿದೀಯಲ್ಲ.”

ತಂಗಿ ಕವನ ಸತ್ತದ್ದು ಆ ಮನೆಯ ಅಡುಗೆಕೋಣೆಯಲ್ಲಿ. ಅದರ ಮೇಲೆ ಬಸ್ಸುಗಳು ಓಡುವುದು ನನಗೆ ಬೇಡವಾಗಿತ್ತು. ಬೇರೇನೂ ಅನ್ನಿಸಲಿಲ್ಲ. ‘ಇಲ್ಲ’ ಎಂದು ಬರೆದೆ.

ರಾಶಿಯಲ್ಲಿ ಕಬ್ಬಿಣದ ಸರಳು ಆರಿಸುತ್ತಿದ್ದ ದುರ್ಗಮ್ಮ ನಮ್ಮ ಬೀದಿಯವಳೇ. ಗಿಳಿಹಸಿರು ಬಣ್ಣದ ಚೂರೊಂದನ್ನು ಹಿಡಿದು ಗೇಟಿಗೆ ಬಂದಳು.

“ತಮ್ಮಾ, ಇದು ನಿಮ್ಮನೇದಲ್ವಾ?”

“ಹೌದು, ದುರ್ಗಕ್ಕ.”

ಅವಳ ಹಿಂದೆ ಲೋಡರ್ ಆಗಲೇ ಎಲ್ಲವನ್ನೂ ಕ್ರಷರಿನ ಬಾಯಿಗೆ ತಳ್ಳುತ್ತಿತ್ತು.

“ಈ ಸಲದ ಬ್ಲಾಕು ನಂಗೆ ಬರೋದು. ಸೊಸೆ ಬಸುರಿ ಕಣಪ್ಪಾ.”

“ಗೊತ್ತು.”

ಅವಳು ಬೈಯುತ್ತಾಳೆ ಅಂದುಕೊಂಡೆ. ಚೂರನ್ನು ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟಳು.

“ನನ್ನ ಹೆಸರು ಮುಂದಿನ ಸರದಿಗೆ ಹಾಕು. ಮೇಸ್ತ್ರಿ ಸಿಗಲಿಲ್ಲ ಅಂತ ಬರ್ಕೋ.”

ಬರೆದುಕೊಂಡೆ. ಪಟ್ಟಿಯಲ್ಲಿ ಅವಳ ನಂತರ ಇದ್ದವರು ಹೊಳೆಹೊನ್ನೂರಿನ ಪುಟ್ಟಪ್ಪ. ಮೂರು ವಾರದ ನಂತರ, ಬ್ಲಾಕು ಗಟ್ಟಿಯಾದ ಮೇಲೆ, ಟ್ರ್ಯಾಕ್ಟರ್ ತಂದರು.

“ಮುಂಚೆನೇ ಸಿಕ್ತು ನೋಡಿ ಸಾರ್, ನಮ್ ಪುಣ್ಯ. ಸಾವಿನ ಮನೇದು ಸೇರಿಲ್ಲ ತಾನೆ?”

ದುರ್ಗಮ್ಮ ತಲೆ ಎತ್ತಲಿಲ್ಲ. ಸರಳುಗಳನ್ನು ಒಂದರ ಮೇಲೊಂದು ಜೋಡಿಸುತ್ತಲೇ ಇದ್ದಳು.

“ಇಲ್ಲ,” ಎಂದೆ.

ಪುಟ್ಟಪ್ಪ ಬ್ಲಾಕೊಂದನ್ನು ಅಂಗೈಯಿಂದ ತಟ್ಟಿ ನೋಡಿದರು. “ಮೊದ್ಲು ಅಡುಗೆಮನೆ ಎಬ್ಬಿಸ್ತೀವಿ ಸಾರ್. ಬಯಲಲ್ಲಿ ಬೇಯಿಸಿ ಬೇಯಿಸಿ ಮಗಳಿಗೆ ಸಾಕಾಗೋಗಿದೆ.”

ಟ್ರ್ಯಾಕ್ಟರಿಗೆ ದಾರಿ ಸಾಲುತ್ತಿರಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡೆ.