ರಕ್ತ ಪಾಸಾದ ದಿನ

ಹೋದ ವಾರ ಮೂವತ್ತನಾಲ್ಕಿದ್ದ ಅಕ್ಕನ ಸಿಆರ್‌ಪಿ ಈ ವಾರ ಆರಕ್ಕಿಳಿದಿತ್ತು. ತಂಗಿ ಲ್ಯಾಬಿನ ಕಿಟಕಿಯ ಮುಂದೆಯೇ ಕಣ್ಣುಮುಚ್ಚಿ ಕೈಮುಗಿದಳು. ಹೊಲಿಗೆ ಮಿಷನ್ ತುಳಿದು ಬಾಳು ಸಾಗಿಸಿದವಳಿಗೆ ಸಿಆರ್‌ಪಿ ಅಂದರೆ ತಲೆಬುಡ ತಿಳಿದಿರಲಿಲ್ಲ. ಡಾಕ್ಟರಮ್ಮನೇ ಬಿಡಿಸಿ ಹೇಳಿದ್ದರು: ಮೈಯೊಳಗೆ ಎಲ್ಲೋ ಬೆಂಕಿ ಹತ್ತಿದರೆ ರಕ್ತದಲ್ಲಿ ಇದು ಏರುತ್ತದೆ, ಆರಿದರೆ ಇಳಿಯುತ್ತದೆ.

ಅಕ್ಕನಿಗೆ ಮಂಡಿಯ ಕೀಲು ಬದಲಿಸಿ ವರ್ಷವಾಗುತ್ತ ಬಂದಿತ್ತು. ಈಚೆಗೆ ಅದೇ ಮಂಡಿ ಊದಿಕೊಂಡು, ಮುಟ್ಟಿದರೆ ಕಾದ ಹೆಂಚು. ಒಳಗೆ ಕೀವಾಗಿದ್ದರೆ ಹಾಕಿದ ಕೀಲನ್ನೇ ಕಿತ್ತು ತೆಗೆಯಬೇಕಾದೀತು ಎಂಬ ಮಾತು ಕೇಳಿದಾಗಿನಿಂದ ತಂಗಿ ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದಳು.

"ಅಕ್ಕಾ, ಪಾಸು ಕಣೇ!"

"ನಾನು ಯಾವತ್ತು ಫೇಲಾಗಿದ್ದೆ ಹೇಳು?" ಎಂದು ನಕ್ಕಳು ಅಕ್ಕ. ಮಕ್ಕಳಿಗೆ ಲೆಕ್ಕ ಕಲಿಸಿ ಕಲಿಸಿಯೇ ನಿವೃತ್ತಳಾದ ಟೀಚರು. ಆದರೆ ಆ ನಗುವಿನಲ್ಲಿ ಏನೋ ಕಳ್ಳತನವಿತ್ತು.

ಡಾಕ್ಟರಮ್ಮ ರಿಪೋರ್ಟು ನೋಡಿದರು, ಮಂಡಿ ಒತ್ತಿದರು, ಮತ್ತೆ ರಿಪೋರ್ಟು ನೋಡಿದರು.

"ರಕ್ತ ಒಂದು ಹೇಳ್ತಿದೆ, ಮಂಡಿ ಇನ್ನೊಂದು ಹೇಳ್ತಿದೆ. ಮಂಡಿಗೆ ಸೂಜಿ ಹಾಕಿ, ಒಳಗಿನ ನೀರು ತೆಗೆದು ನೋಡೇಬಿಡೋಣ."

"ಪಾಸಾದ್ಮೇಲೂ ಸೂಜಿನಾ?" ಅಕ್ಕನ ಮುಖ ಬಿಳಿಚಿಕೊಂಡಿತು.

ತಿಳಿನೀರು ಬಂದೀತೆಂದು ತಂಗಿ ಸಿರಿಂಜನ್ನೇ ನೋಡುತ್ತ ನಿಂತಳು. ಬಂದದ್ದು ಕದಡಿದ, ಹಳದಿಗಟ್ಟಿದ ದ್ರವ. ತಂಗಿ ಮೇಜಿನ ಮೇಲಿದ್ದ ರಿಪೋರ್ಟನ್ನು ಎತ್ತಿ ಮತ್ತೆ ನೋಡಿದಳು. ಆರು ಅಂತ ಬರೆದದ್ದು ಸುಳ್ಳೇ? ರಕ್ತವೂ ಸುಳ್ಳು ಹೇಳುತ್ತದೆಯೇ?

"ಅಮ್ಮಾ, ಈ ವಾರ ಏನಾದ್ರೂ ಮಾತ್ರೆ ತಗೊಂಡಿರಾ?"

ಅಕ್ಕ ಚಾವಣಿ ನೋಡಿದಳು. ಕಿಟಕಿ ನೋಡಿದಳು. ಕೊನೆಗೆ, "ನಮ್ಮೆಜಮಾನ್ರಿಗೆ ಎದೇಲಿ ಕಫ ಕಟ್ಟಿದಾಗ ಕೊಟ್ಟಿದ್ರಲ್ಲ, ಆ್ಯಂಟಿಬಯಾಟಿಕ್ಕು... ಒಂದಷ್ಟು ಉಳಿದಿದ್ವು. ಪರೀಕ್ಷೆ ಅಂದ್ಮೇಲೆ ತಯಾರಿ ಮಾಡ್ಕೊಂಡು ಹೋಗ್ಬೇಡ್ವಾ?"

"ಅಯ್ಯೋ ನಿನ್ನ! ಕಾಪಿ ಹೊಡೆದ್ಯಾ ಅಕ್ಕಾ?" ತಂಗಿಯ ಬಾಯಿಂದ ಮಾತು ಹಾರಿಬಂತು.

ಡಾಕ್ಟರಮ್ಮ ನಗಲಿಲ್ಲ. "ಇದು ನಿಮಗಿಟ್ಟ ಪರೀಕ್ಷೆ ಅಲ್ಲಮ್ಮ, ರೋಗಕ್ಕಿಟ್ಟಿದ್ದು. ಅರೆಬರೆ ಮಾತ್ರೆ ನುಂಗಿ ಕೆಂಡದ ಮೇಲೆ ಬೂದಿ ಮುಚ್ಚಿದ್ದೀರಿ. ಇನ್ನು ಕ್ರಿಮಿ ಲ್ಯಾಬಿನವರಿಗೂ ಸಿಗದೆ ಹೋಗಬಹುದು. ಯಾವ ಕ್ರಿಮಿ ಅಂತ ಗೊತ್ತಾಗದೆ ಯಾವ ಔಷಧಿ ಕೊಡಲಿ?"

ಅವರು ಹೆದರಿದಂತೆಯೇ ಆಯಿತು. ಆ ದ್ರವದಲ್ಲಿ ಲ್ಯಾಬಿನವರಿಗೆ ಯಾವ ಕ್ರಿಮಿಯೂ ಬೆಳೆದು ಸಿಕ್ಕಲಿಲ್ಲ. ಎರಡು ವಾರ ಒಂದೂ ಆ್ಯಂಟಿಬಯಾಟಿಕ್ ಮುಟ್ಟದೆ ಕಾದು, ಮತ್ತೆ ರಕ್ತ ಕೊಟ್ಟು, ಮತ್ತೆ ಸೂಜಿ ಹಾಕಿಸಿಕೊಳ್ಳಬೇಕಾಯಿತು. ಆ ಎರಡು ವಾರ ತಂಗಿ ಮಿಷನ್ನನ್ನೇ ಅಕ್ಕನ ಮಂಚದ ಪಕ್ಕ ತಂದಿಟ್ಟುಕೊಂಡಳು. ಅಕ್ಕ ಹಲ್ಲು ಕಚ್ಚಿ ಮಲಗಿರುವಳು, ಇವಳು ಹೊಲಿಯುತ್ತಲೇ ಬಾಯಲ್ಲಿ ದೇವರ ನಾಮ ಹೇಳಿಕೊಳ್ಳುವಳು, ಮನಸ್ಸಿನಲ್ಲಿ ಮಾತ್ರ ಬೈಗುಳ ಪೋಣಿಸುವಳು.

ಈ ಸಲ ಐವತ್ತೆರಡು. ರಕ್ತ ಮತ್ತೆ ನಿಜ ಹೇಳಿತ್ತು.

"ಏರಿದೆ!" ಎಂದು ತಂಗಿ ಕುಣಿದೇಬಿಟ್ಟಳು. ಕುಣಿದ ಮೇಲೆ ತನ್ನ ಬಾಯನ್ನು ತಾನೇ ಮುಚ್ಚಿಕೊಂಡಳು. ಒಡಹುಟ್ಟಿದವಳ ಮೈಯಲ್ಲಿ ಬೆಂಕಿ ಎದ್ದದ್ದಕ್ಕೆ ಸಂತೋಷವೇ?

ಈ ಸಲ ಕ್ರಿಮಿ ಸಿಕ್ಕಿತು. ಅದಕ್ಕೆ ತಕ್ಕ ಔಷಧಿಯೂ ಇತ್ತು. ಆದರೆ ಕೀಲು ತೆಗೆಯಲೇಬೇಕು, ಒಳಗೆಲ್ಲ ತೊಳೆಯಬೇಕು, ಕೆಲವು ತಿಂಗಳು ಬಿಟ್ಟು ಹೊಸದು ಹಾಕಬೇಕು.

"ನಾನು ಆ ಮಾತ್ರೆ ನುಂಗದೆ ಇದ್ದಿದ್ರೆ ಉಳೀತಿತ್ತಾ?" ಅಕ್ಕ ಕೇಳಿದಳು.

"ಹೇಳೋಕಾಗಲ್ಲಮ್ಮ," ಎಂದರು ಡಾಕ್ಟರಮ್ಮ. "ಆ ಮಾತ್ರೆಯಿಂದ ಏನು ಕೆಟ್ಟಿತೋ, ಎಷ್ಟು ಕೆಟ್ಟಿತೋ, ನನಗೂ ಗೊತ್ತಿಲ್ಲ."

ಹೌದು ಅಂದಿದ್ದರೆ ಅತ್ತಾದರೂ ಹಗುರಾಗುತ್ತಿದ್ದಳೇನೋ. ಅಕ್ಕ ತಂಗಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ನೀನಾದ್ರೂ ಬೈಯೇ."

ತಂಗಿ ಬಾಯಿ ತೆರೆದಳು. ಎರಡು ವಾರ ಕೂಡಿಟ್ಟ ಬೈಗುಳದಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.