ಶೌರಮ್ಮನ ತಮ್ಮ

ಸಿರುಗುಪ್ಪದ ಇನ್ನಾಸಪ್ಪ ಪೋಪ್ ಆದಾಗ ಅವರಿಗೆ ಅರವತ್ತೇಳು ವರ್ಷ. ಹೆರಿಗೆಯಲ್ಲೇ ತಾಯಿ ತೀರಿಕೊಂಡಿದ್ದರಿಂದ ಅವರನ್ನು ಸಾಕಿದವಳು ಅಕ್ಕ ಶೌರಮ್ಮ. ಭತ್ತ ನಾಟಿಗೆ ಹೋದಾಗ ತಮ್ಮನನ್ನು ಬದುವಿನ ಮೇಲೆ ಕೂರಿಸಿ, ಬಗ್ಗಿದವಳು ನಡುನಡುವೆ ತಲೆಯೆತ್ತಿ ನೋಡುತ್ತಿದ್ದಳು. ಮುಂದೆ ಅವರು ಪಾದ್ರಿಯಾಗಿ ಕುರುಗೋಡಿನಲ್ಲಿ ಹನ್ನೊಂದು ವರ್ಷ ಇದ್ದರು. ಆಮೇಲೆ ಬಳ್ಳಾರಿ, ಅಲ್ಲಿಂದ ರೋಮ್. ಎಲ್ಲಿದ್ದರೂ ಭಾನುವಾರ ಅಕ್ಕನಿಗೆ ಫೋನ್ ಮಾಡುತ್ತಿದ್ದರು. "ಲೇ ಇನ್ನಾಸಿ, ಉಂಡಿಯೇನಲೇ?" ಎಂದೇ ಅವಳು ಮಾತು ತೆಗೆಯುತ್ತಿದ್ದಳು.

ಆಯ್ಕೆಯಾದ ಮೂರನೆಯ ದಿನ ಅವರು ಫೋನ್ ಮಾಡಿದರು. ಶೌರಮ್ಮನ ಮನೆಯಲ್ಲಿ ತಹಶೀಲ್ದಾರರು, ಟಿವಿಯವರು, ನಾಲ್ಕು ಜನ ಫಾದರ್‌ಗಳು ಕೂತಿದ್ದರು.

"ಅಕ್ಕಾ, ನಾನು."

ಎಲ್ಲರೂ ತನ್ನನ್ನೇ ನೋಡುತ್ತಿದ್ದುದರಿಂದ ಶೌರಮ್ಮ ಸೆರಗು ಸರಿಪಡಿಸಿಕೊಂಡಳು. "ತಾವು ಆರಾಮ ಅದೀರೇನ್ರಿ?" ಎಂದಳು.

"ಅದೀನಿ," ಎಂದಷ್ಟೇ ಹೇಳಿ ಅವರು ಫೋನ್ ಇಟ್ಟರು.

ಅದಾದ ಮೇಲೆ ಐದು ಭಾನುವಾರ ಫೋನ್ ಬರಲಿಲ್ಲ. ಹಳೆಯ ನಂಬರಿಗೆ ಮಾಡಿದರೆ ಯಾರೋ ತಿಳಿಯದ ಭಾಷೆಯಲ್ಲಿ ಮಾತಾಡಿ ಇಟ್ಟುಬಿಡುತ್ತಿದ್ದರು. ಆರನೆಯ ವಾರ ಶೌರಮ್ಮ ಮಗಳು ಶೈಲಜಾಳನ್ನು ಕರೆದುಕೊಂಡು, ಮೊಣಕಾಲು ನೋವಿನಲ್ಲೇ ಬಸ್ ಹತ್ತಿ ಬಳ್ಳಾರಿಗೆ ಹೋದಳು. ಅಲ್ಲಿನ ಹಿರಿಯ ಫಾದರ್ ರೋಮಿಗೆ ಪತ್ರ ಬರೆದರು. ಹದಿನಾರು ದಿನಗಳ ನಂತರ ವಿಡಿಯೋದಲ್ಲಿ ಮಾತಾಡಲು ಹತ್ತು ನಿಮಿಷದ ಸಮಯ ಸಿಕ್ಕಿತು.

ಬಳ್ಳಾರಿಯ ಚರ್ಚಿನ ಕಂಪ್ಯೂಟರಿನಲ್ಲಿ ತಮ್ಮನ ಮುಖ ಮೂಡುತ್ತಲೇ ಶೌರಮ್ಮ ಕೋಣೆಯಲ್ಲಿದ್ದವರಿಗೆ, "ಎಲ್ಲಾರೂ ಹೊರಗ ಹೋಗ್ರಿ. ಶೈಲಜಾ, ನೀನೂ," ಎಂದಳು. ಬಾಗಿಲು ಮುಚ್ಚಿದ ಮೇಲೆ ಪರದೆಯ ಹತ್ತಿರ ಬಾಗಿದಳು.

"ಲೇ, ಎಷ್ಟು ಸೊರಗಿದಿಯಲೇ! ಯಾಕ ಫೋನ್ ಮಾಡವಲ್ಲಿ?"

"ನೀನೂ ತಾವು ಅಂದಿ, ಅಕ್ಕಾ."

"ಅಷ್ಟು ಮಂದಿ ಮುಂದ ಏನ್ ಅನ್ನಾಕ ಬರ್ತಿತ್ತಲೇ?"

"ಇಲ್ಲಿ ಎಲ್ಲಾರೂ ನನ್ನ ಮುಂದ ಮೊಣಕಾಲೂರ್ತಾರ. ಜೊತಿಗಿ ಉಣ್ಣಾಕ ಮಾತ್ರ ಯಾರೂ ಕೂಡಂಗಿಲ್ಲ. ಒಂದಿನ ನಾನೇ ಕರದೆ. ಬಂದ್ರು, ಆದ್ರ ನಾನು ಉಂಡು ಚಮಚ ಕೆಳಗ ಇಟ್ಟ ಕೂಡಲೆ ಅವ್ರೂ ಇಟ್ಟುಬಿಟ್ರು. ಅರ್ಧ ಹೊಟ್ಟೀಲೆ ಎದ್ದು ಹೋದ್ರು."

"ಊರಿಗಿ ಬಂದು ಹೋಗಲೇ," ಎಂದಳು ಶೌರಮ್ಮ. ಬರುವುದಾದರೆ ಎಷ್ಟು ಪೊಲೀಸರು, ಎಷ್ಟು ತಿಂಗಳ ತಯಾರಿ ಬೇಕೆಂದು ಅವರು ವಿವರಿಸುತ್ತಿದ್ದಂತೆಯೇ ಸಮಯ ಮುಗಿದು ಪರದೆ ಕಪ್ಪಾಯಿತು. ಶೌರಮ್ಮ ಕಣ್ಣೊರೆಸಿಕೊಂಡು ಬಾಗಿಲು ತೆರೆದಳು.

ರೋಮಿನಲ್ಲಿ ಪೋಪ್ ತೋಟಕ್ಕಿಳಿದರು. ಕಾವಲುಗಾರನೊಬ್ಬ ಇಪ್ಪತ್ತು ಹೆಜ್ಜೆ ಹಿಂದೆ ಬರುತ್ತಿದ್ದ. ಗಾಳಿ ಕೊರೆಯುತ್ತಿತ್ತು. ಅವರು ತಿರುಗಿ ನಿಂತು, ನಗುತ್ತಾ, "ಭಾಳ ಥಂಡಿ ಐತಲ್ಲೋ ತಮ್ಮಾ, ಒಳಗ ಹೋಗೂನೇನು?" ಎಂದರು.

ಅವನಿಗೆ ಕನ್ನಡ ಅರ್ಥವಾಗಲಿಲ್ಲ. ತಪ್ಪು ಮಾಡಿದೆನೇನೋ ಎಂದು ಗಾಬರಿಯಾಗಿ, ಮೈ ಸೆಟೆಸಿ ಸೆಲ್ಯೂಟ್ ಹೊಡೆದ.