ಮುಖ ನೋಡಿದ ಕಾಣಿಕೆ

"ಇನ್ನೊಂದು ತಂಬಿಗೆ ಹುಯ್ಯಿ," ಎಂದಳು ಕಾಲಿಪಾ, ಹೆಣದ ಭುಜವನ್ನು ಒದ್ದೆ ಬಟ್ಟೆಯಿಂದ ತಿಕ್ಕುತ್ತ. "ಎಷ್ಟು ತೊಳೆದ್ರೂ ಮೃಗದ ನಾತ ಹೋಗ್ತಿಲ್ಲ."

ನಾತ ಏನೂ ಇರಲಿಲ್ಲ. ಸತ್ತ ಬುರುಲ್, ಮೃಗಾಲಯದ ಕೆಲಸ ಕಳೆದುಕೊಂಡು ಮೂರು ವರ್ಷವಾಗಿತ್ತು. ಈ ಮೂರು ವರ್ಷದಲ್ಲಿ ಅವಳು ಮನೆಯ ಒಲೆ ಮತ್ತು ಹೊಲಿಗೆಯ ಸೂಜಿ ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ಆದರೆ ಕಾಲಿಪಾ ಸತ್ತವಳ ನಾದಿನಿ, ತೀರಿಹೋದ ಗಂಡನ ತಂಗಿ. ಮೂಗಿಗೆ ಬಾರದ ವಾಸನೆಯನ್ನು ಬಾಯಿಂದ ಹುಟ್ಟಿಸಬಲ್ಲ ಹೆಂಗಸು. ಬುರುಲಳ ಸೊಸೆ ಚೋಲ್ಪೋನ್ ನೀರು ಹುಯ್ದಳು.

ಅಂಗಳದಲ್ಲಿ ಹಾಕಿದ್ದ ಕಂಬಳಿ ಗುಡಾರದೊಳಗೆ, ಪರದೆಯ ಹಿಂದೆ, ನಾಲ್ವರು ಹೆಂಗಸರು ಆ ಸಣಕಲು ದೇಹವನ್ನು ಹೊರಳಿಸಿ ತೊಳೆಯುತ್ತಿದ್ದರು. ಕಾಲಿಪಾಳ ಕೈಯಷ್ಟೇ ಬಾಯಿಯೂ ಓಡುತ್ತಿತ್ತು. ಮೂರು ಹಿಮಚಿರತೆ ಮರಿಗಳನ್ನು ಕೊಂದವಳು ಈ ಮಹಾತಾಯಿ, ಅವು ಬದುಕಿದ್ದರೆ ನೋಡಲು ಬರುವ ಜನರಿಗಾಗಿ ಇಷ್ಟು ಹೊತ್ತಿಗೆ ಊರಿಗೆ ಹೊಸ ರಸ್ತೆ ಬಂದಿರುತ್ತಿತ್ತು, ಚಿರತೆಯ ವಿಭಾಗ ಮುಚ್ಚುತ್ತಿರಲಿಲ್ಲ, ತನ್ನ ಮಗನೂ ಸೇರಿ ಇಪ್ಪತ್ತು ಜನ ಮನೆಯಲ್ಲಿ ಕೂರುತ್ತಿರಲಿಲ್ಲ ಎಂದು ಹೇಳುತ್ತ ಹೋದಳು. ನಮ್ಮೂರು ಕೋಕ್‌ಬುಲಾಕಿನಲ್ಲಿ ಇದು ಹಳೆಯ ಹಾಡು. ಆದರೆ ಕೊನೆಯಲ್ಲಿ ಹೇಳಿದ್ದು ಹೊಸದು.

"ಮಧ್ಯಾಹ್ನ ಮುಲ್ಲಾ ಕೇಳ್ತಾನಲ್ಲ, ಆಗ ನಮ್ಮ ಗಂಡಸರು ಯಾರೂ ಬಾಯಿ ಬಿಡಲ್ಲ. ಮಾತಾಡ್ಕೊಂಡಿದ್ದಾರೆ."

ಚೋಲ್ಪೋನಳ ಕೈಯಲ್ಲಿದ್ದ ತಂಬಿಗೆ ವಾಲಿ ನೀರು ನೆಲಕ್ಕೆ ಹೋಯಿತು.

ನಮ್ಮಲ್ಲಿ ಹೆಣ ಎತ್ತುವ ಮುಂಚೆ ಮುಲ್ಲಾ ಸಾಲುಗಟ್ಟಿ ನಿಂತ ಗಂಡಸರನ್ನು ಕೇಳುತ್ತಾನೆ: ಇವರು ಎಂಥ ಮನುಷ್ಯರಾಗಿದ್ದರು? ಒಳ್ಳೆಯವರಾಗಿದ್ದರು ಎಂದು ಎಲ್ಲರೂ ಒಟ್ಟಿಗೆ ಹೇಳಬೇಕು. ಕುಡುಕನಿಗೂ ಹೇಳುತ್ತಾರೆ, ಕುದುರೆ ಕದ್ದವನಿಗೂ ಹೇಳುತ್ತಾರೆ. ಆ ಒಂದು ಮಾತನ್ನು ಹೊತ್ತುಕೊಂಡೇ ಸತ್ತವರು ಮಣ್ಣಿಗಿಳಿಯಬೇಕು. ಅದು ಸಿಗದೆ ಹೋದವರು ಈ ಊರಿನಲ್ಲಿ ಇನ್ನೂ ಒಬ್ಬರೂ ಇಲ್ಲ.

"ನೀರು ಹೆಣಕ್ಕೆ ಹುಯ್ಯಮ್ಮ, ನೆಲಕ್ಕಲ್ಲ," ಎಂದಳು ಕಾಲಿಪಾ.

*

ಬುರುಲ್ ಇಪ್ಪತ್ತೆಂಟು ವರ್ಷ ಆ ಮೃಗಾಲಯದಲ್ಲಿ ಬಾಣಂತನ ಮಾಡಿದಳು. ಕೊಂಬು ತಿರುಚಿದ ಕಾಡುಮೇಕೆಗಳಿಗೆ, ಬೆಟ್ಟದ ಕುರಿಗಳಿಗೆ, ಕೊನೆಗೆ ಹಿಮಚಿರತೆಗೆ. ಮನುಷ್ಯರ ಕೂಸಿನ ಮೇಲೆ ನಲವತ್ತು ದಿನ ಹೊರಗಿನ ಕಣ್ಣು ಬೀಳಬಾರದು ಎಂಬ ಪದ್ಧತಿ ಎಲ್ಲರ ಮನೆಯಲ್ಲೂ ಇದೆ. ಅವಳು ಅದನ್ನೇ ಮೃಗಗಳಿಗೂ ನಡೆಸಿದಳು. ಹೆರಿಗೆಯಾದರೆ ಕಚೇರಿಗೆ ಹೋಗಿ, "ಹೊಟ್ಟೆ ಇಳಿದಿದೆ," ಎಂದಷ್ಟೇ ಹೇಳುತ್ತಿದ್ದಳು. ಎಷ್ಟು ಮರಿ, ಗಂಡೋ ಹೆಣ್ಣೋ ಎಂದು ಕೇಳಿದರೆ ನಲವತ್ತನೆಯ ದಿನದವರೆಗೆ ಉತ್ತರವಿಲ್ಲ. ಪಶುವೈದ್ಯರು ನಕ್ಕರು, ಮೂವರು ನಿರ್ದೇಶಕರು ಹಲ್ಲು ಕಡಿದರು. ಆದರೂ ಬೇರೆ ಕಡೆ ಅರ್ಧಕ್ಕರ್ಧ ಸಾಯುವ ಮರಿಗಳು ಇವಳ ಕೈಯಲ್ಲಿ ಉಳಿಯುತ್ತಿದ್ದವು. ಯಾರಿಗೆ ತಾನೇ ಬಾಯಿ ಬಂದೀತು?

ಆ ನಲವತ್ತು ದಿನ ಅವಳು ಒಂದೇ ಕೋಟು ತೊಡುತ್ತಿದ್ದಳು. ಒಗೆಯುವಂತಿಲ್ಲ. ಸೋಪು ಇಲ್ಲ, ಈರುಳ್ಳಿ ಇಲ್ಲ, ಬೇರೆಯವರ ಮೈ ಸೋಕುವಂತಿಲ್ಲ. ತಾಯಿ ಮೃಗಕ್ಕೆ ಹೊಸ ವಾಸನೆ ಬಂದರೆ ಮರಿಯನ್ನು ತಾನೇ ಮುಗಿಸಿಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಯಾವಾಗಲೂ ಖಾಲಿ.

ಮಗ ಕುಬಾತನ ಮದುವೆಯ ವಾರ ಒಂದು ಕಾಡುಮೇಕೆ ಈದಿತ್ತು. ಹೊಸ ಸೊಸೆ ಹೊಸಿಲು ದಾಟುವಾಗ ಅತ್ತೆಯಾದವಳು ಅವಳ ತಲೆಯ ಮೇಲೆ ಮಿಠಾಯಿ ಎರಚಬೇಕು, ಕೆನ್ನೆಗೆ ಮುತ್ತಿಡಬೇಕು. ಬುರುಲ್ ಅದೇ ಕೋಟಿನಲ್ಲಿ ಗೇಟಿನ ಬಳಿಯೇ ನಿಂತಳು. ಸೊಸೆ ಅತ್ತರು ಪೂಸಿಕೊಂಡಿದ್ದಾಳೆ, ಹತ್ತಿರ ಬರಲಾರೆ ಎಂದಳು. ಮಿಠಾಯಿಯನ್ನು ಕಾಲಿಪಾ ಎರಚಿದಳು, ಮುತ್ತನ್ನೂ ಅವಳೇ ಕೊಟ್ಟಳು. ಚೋಲ್ಪೋನ್ ಅದನ್ನು ನುಂಗಿಕೊಂಡಳು.

ಆದರೆ ಮಗಳು ಹುಟ್ಟಿದಾಗ ನುಂಗಲಿಲ್ಲ. ಕೂಸಿಗೆ ನಲವತ್ತು ತುಂಬಿದ ದಿನ ನೆಂಟರೆಲ್ಲ ಬಂದರು. ಮೊದಲ ಸಲ ಮುಖ ನೋಡಿದವರು ಕೂಸಿಗೆ ಏನಾದರೂ ಕಾಣಿಕೆ ಕೊಡಲೇಬೇಕು. ಒಂದು ಗುಂಡಿಯಾದರೂ ಸರಿ, ಬರಿಗೈಯಲ್ಲಿ ನೋಡುವಂತಿಲ್ಲ. ಹಿಮಚಿರತೆ ಮೂರು ಮರಿ ಹಾಕಿ ಅಂದಿಗೆ ಎಂಟನೆಯ ದಿನ. ಅಜ್ಜಿಯಾದ ಬುರುಲ್ ಮನೆಯೊಳಗೆ ಬರಲೇ ಇಲ್ಲ. ಕಿಟಕಿಯ ಹೊರಗೆ ನಿಂತು ಗಾಜಿನಿಂದ ಒಳಗೆ ಇಣುಕಿ, ಕಾಣಿಕೆ ಕೊಡಬೇಕಾಗುತ್ತದೆ ಎಂದೋ ಏನೋ ಕೂಸಿನ ಮುಖದ ಕಡೆ ನೋಡದೆ, ಸೊಸೆಯ ಕಡೆ ತಲೆಯಾಡಿಸಿ ಹೊರಟುಹೋದಳು. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳಿಗೆ ಮೊಮ್ಮಕ್ಕಳು ಪಂಜರದಲ್ಲಿದ್ದಾರೆ ಬಿಡಿ ಎಂದಳು ಕಾಲಿಪಾ, ಎಲ್ಲರಿಗೂ ಕೇಳುವಂತೆ.

*

ಹತ್ತು ಗಂಟೆಯ ಹೊತ್ತಿಗೆ ಅಂಗಳ ತುಂಬಿತು. ಕುಬಾತ್, ತಾಯಿ ಸತ್ತ ಮಗ ಮಾಡಬೇಕಾದಂತೆ, ಸೊಂಟಕ್ಕೆ ಪಟ್ಟಿ ಬಿಗಿದು, ಕೋಲಿನ ಮೇಲೆ ಬಾಗಿ, ಬಂದವರಿಗೆಲ್ಲ ಕೇಳುವಂತೆ ಅಮ್ಮನನ್ನು ಕರೆದು ಅಳುತ್ತಿದ್ದ. ಬಂದ ಗಂಡಸರು ರೂಢಿಯಂತೆ ಅವನನ್ನು ತಬ್ಬಿದರು, ಆದರೆ ಬೇಗ ಬಿಟ್ಟರು.

ಮೃಗಾಲಯದ ನಿರ್ದೇಶಕ ಮೆದೆರ್ ದೊಡ್ಡ ಹೂಚಕ್ರದೊಂದಿಗೆ ಬಂದ. ಬುರುಲಳಿಂದ ತಪ್ಪೊಪ್ಪಿಗೆ ಬರೆಸಿಕೊಂಡು ಅದನ್ನು ಟಿವಿಯವರ ಮುಂದೆ ಓದಿದವನು ಅವನೇ. ಈಗ ಕುಬಾತನನ್ನು ಪಕ್ಕಕ್ಕೆ ಕರೆದು, ಮುಲ್ಲಾ ಕೇಳುವ ಮೊದಲು ತಾನು ಎರಡು ಮಾತು ಆಡುತ್ತೇನೆ, ಮೃಗಾಲಯ ಅವಳನ್ನು ಕ್ಷಮಿಸಿದೆ ಎಂದು ಹೇಳುತ್ತೇನೆ, ಆಗಲಾದರೂ ಜನರ ಬಾಯಿ ಬಿಚ್ಚಬಹುದು ಎಂದ. ಕುಬಾತ್ ಅವನ ಕೈ ಹಿಡಿದುಕೊಂಡು, "ದೊಡ್ಡ ಉಪಕಾರ ಆಯ್ತು ಅಣ್ಣಾ," ಎಂದ.

ಗುಡಾರದ ಬಾಗಿಲಿಗೆ ಬಂದು ಹೆಂಡತಿಗೆ ಇದನ್ನೇ ಹೇಳಿದ.

"ಕ್ಷಮಿಸೋಕೆ ಅವನ್ಯಾರು?" ಎಂದಳು ಚೋಲ್ಪೋನ್.

"ಅಮ್ಮ ಗೂಡಿನೊಳಗೆ ಹೋದ್ಲು, ಮರಿ ಸತ್ವು. ಅವಳೇ ಬರ್ಕೊಟ್ಟಿದ್ದಾಳೆ. ಸುಳ್ಳಾ ಅದು?"

ಅವಳು ಬಾಯಿ ತೆರೆದಳು. ಅವನು ಮಾತಾಡಲು ಬಿಡಲಿಲ್ಲ.

"ನಿಂಗೆ ಅವಳ ಕಂಡ್ರೆ ಆಗ್ತಿರ್ಲಿಲ್ಲ, ಗೊತ್ತು. ನಂಗೇನು ಆಗ್ತಿತ್ತಾ? ನನ್ನ ಜ್ವರಕ್ಕೆ ಬರದೋಳು ಮೇಕೆ ಹೆರಿಗೆಗೆ ಓಡ್ತಿದ್ಲು. ಇವತ್ತೊಂದಿನ ಜೋರಾಗಿ ಹಾಡು. ಹೊರಗಿರೋರಿಗೆ ಕೇಳ್ಬೇಕು."

ಸತ್ತವರ ಗುಣಗಾನ ಮಾಡಿ ಹಾಡಿ ಅಳುವುದು ಮನೆಯ ಹೆಂಗಸರ ಕೆಲಸ. ಬುರುಲ್‌ಗೆ ಹೆಣ್ಣುಮಕ್ಕಳಿಲ್ಲ. ಸೊಸೆಯೇ ಹಾಡಬೇಕು. ಚೋಲ್ಪೋನ್ ಒಳಗೆ ಹೋಗಿ, ಪದ್ಧತಿಯಂತೆ ಗೋಡೆಗೆ ಮುಖ ಮಾಡಿ, ಸೊಂಟಕ್ಕೆ ಕೈಯಿಟ್ಟು ಕೂತಳು. ಬೆನ್ನ ಹಿಂದೆ ನಲವತ್ತು ಹೆಂಗಸರು ಏನು ಹಾಡುತ್ತಾಳೋ ನೋಡೋಣ ಎಂದು ಕಾದಿದ್ದರು. ಅಮ್ಮ ಹೋದಳು, ಒಲೆ ಆರಿತು ಎಂಬ ಎಲ್ಲರ ಮನೆಯಲ್ಲೂ ಹಾಡುವ ನಾಲ್ಕು ಸಾಲು ಬಂದವು. ಆಮೇಲೆ ಬರಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದು ಬಂದ ನಗುವನ್ನು ಕೆಮ್ಮಾಗಿ ತಿರುಗಿಸಿದರು.

*

ಮೂರು ವರ್ಷದ ಹಿಂದೆ, ಮಗಳ ನಲವತ್ತರ ಮರುದಿನ, ಮರಿಗಳು ಹುಟ್ಟಿದ ಒಂಬತ್ತನೆಯ ದಿನ, ಚೋಲ್ಪೋನ್ ಕೂಸನ್ನು ಎತ್ತಿಕೊಂಡು ಮೃಗಾಲಯಕ್ಕೆ ಹೋಗಿದ್ದಳು. ಅತ್ತೆಗೆಂದು ತೆಗೆದಿಟ್ಟಿದ್ದ ಹಿಡಿ ಮಿಠಾಯಿ ಜೇಬಿನಲ್ಲಿತ್ತು. ಮುಖಕ್ಕೆ ಎಸೆಯಬೇಕೆಂದೇ ಹೋಗಿದ್ದಳು. ಬುರುಲ್ ಮಾಂಸ ತರಲು ಹೋಗಿದ್ದಳು. ಹಿಂಬದಿಯ ಬಾಗಿಲಿಗೆ ಅಗುಳಿ ಮಾತ್ರ ಇತ್ತು.

ಒಳಗೆ ಅರೆಗತ್ತಲು. ಸಣ್ಣ ಕಿಂಡಿಯಿಂದ ನೋಡಿದರೆ ಹುಲ್ಲಿನ ಮೇಲೆ ಬೂದು ಬಣ್ಣದ ತಾಯಿ, ಅದರ ಹೊಟ್ಟೆಗೆ ಅಂಟಿಕೊಂಡ ಮೂರು ಉಂಡೆಗಳು. ಎಷ್ಟು ಚೆಂದ ಇದ್ದವೆಂದರೆ ಚೋಲ್ಪೋನಳ ಸಿಟ್ಟು ಇನ್ನೂ ಏರಿತು. ನನಗೆ ಎರಚಲಿಲ್ಲ, ನನ್ನ ಮಗಳಿಗೆ ಎರಚಲಿಲ್ಲ, ನಿನ್ನ ಮೊಮ್ಮಕ್ಕಳಿಗೆ ನಾನು ಎರಚುತ್ತೇನೆ, ತಗೋ ಎಂದು ಕಿಂಡಿಯಿಂದ ಎರಚಿದಳು. ಸಿಟ್ಟಿತ್ತು ನಿಜ. ಆದರೆ ಹೊಸ ಕೂಸು ಕಂಡಾಗ ಮಿಠಾಯಿ ಎರಚುವುದು ನಮ್ಮ ಹೆಂಗಸರ ಕೈಗೆ ಹುಟ್ಟಿನಿಂದ ಬಂದ ಅಭ್ಯಾಸ. ಅದರಿಂದ ಕೇಡಾಗಬಹುದು ಎಂದು ಯಾವ ಕೈಯೂ ಯೋಚಿಸುವುದಿಲ್ಲ. ಹೊಳೆಯುವ ಕಾಗದದ ಮಿಠಾಯಿಗಳು ಕಲ್ಲಿನ ಮೇಲೆ ಪಟಪಟನೆ ಉದುರಿದವು. ತಾಯಿ ಚಿರತೆ ಎದ್ದು ನಿಂತಿತು. ಕೂಸು ಕಿರುಚಿತು.

ಚಿರತೆ ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಮೂಲೆಯಿಂದ ಮೂಲೆಗೆ ಓಡಿತು. ಎಲ್ಲಿಡುವುದೋ ತಿಳಿಯದೆ ಓಡುತ್ತಲೇ ಇತ್ತು, ಹಲ್ಲು ಬಿಗಿಯಾಗುತ್ತಲೇ ಹೋಯಿತು. ಆಮೇಲೆ ಎರಡನೆಯದು. ಬುರುಲ್ ಬರುವ ಹೊತ್ತಿಗೆ ಮೂರನೆಯದೂ ಮುಗಿದಿತ್ತು.

ಬುರುಲ್ ಬೈಯಲಿಲ್ಲ. ಚಿರತೆಯನ್ನು ಹೊರಗಿನ ಪಂಜರಕ್ಕೆ ಬಿಟ್ಟು, ಒಳಗೆ ಹೋಗಿ, ಮಂಡಿಯೂರಿ, ಮಿಠಾಯಿಗಳನ್ನು ಒಂದೊಂದಾಗಿ ಹೆಕ್ಕಿದಳು. ಎಲ್ಲವನ್ನೂ ಕೋಟಿನ ಜೇಬಿಗೆ ಹಾಕಿಕೊಂಡಳು. ಆಮೇಲೆ ಸೊಸೆಯ ಹತ್ತಿರ ಬಂದು, ಕೂಸಿನ ಮುಖದ ಮೇಲಿನ ಬಟ್ಟೆ ಸರಿಸಿ ಬಹಳ ಹೊತ್ತು ನೋಡಿದಳು.

"ಒಳಗೆ ಹೋದೋಳು ನಾನು. ತಿಳೀತಾ? ಮಗು ಮುಖ ನೋಡಿದೀನಿ, ಕಾಣಿಕೆ ಇದೇ ಅನ್ಕೋ. ಇದರ ತಾಯಿ ಹೆಸರು ಊರ ಬಾಯಲ್ಲಿ ಕೆಡೋದು ಬೇಡ. ಬಾಯಿ ಮುಚ್ಕೊಂಡು ಮನೆಗೆ ಹೋಗು."

ಕೆಲಸ ಹೋದ ಮೇಲೆ ಬುರುಲ್ ಮಗನ ಮನೆಗೇ ಬಂದಳು, ಮೂರು ವರ್ಷ ಇಬ್ಬರೂ ಒಂದೇ ಸೂರಿನಡಿ ಇದ್ದರು. ಅಂಗಡಿಯವನು ಬುರುಲ್‌ಗೆ ಬ್ರೆಡ್ಡನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಎಸೆಯುತ್ತಿದ್ದ. ಮರಿನುಂಗಿ ಎಂದು ಹೆಸರಿಟ್ಟಿದ್ದರು. ಚೋಲ್ಪೋನ್ ಇದನ್ನೆಲ್ಲ ನೋಡುತ್ತ ಅತ್ತೆಯನ್ನು ಮೊದಲಿಗಿಂತ ಹೆಚ್ಚು ದ್ವೇಷಿಸಿದಳು. ಜಗಳವಾಡಿದ್ದರೆ ತಿರುಗಿ ಜಗಳವಾಡಬಹುದಿತ್ತು. ಇದನ್ನು ಏನು ಮಾಡುವುದು? ಬುರುಲ್ ಎದೆನೋವಿನಿಂದ ಮಲಗಿದ ಮೇಲೆ ಚೋಲ್ಪೋನ್ ಒಮ್ಮೆ, ನಿಜ ಹೇಳಿಬಿಡುತ್ತೇನೆ ಅತ್ತೆ ಎಂದಿದ್ದಳು. ಬುರುಲ್ ಗೋಡೆಯ ಕಡೆ ಹೊರಳಿದಳು.

"ಕೊಟ್ಟ ಕಾಣಿಕೆ ವಾಪಸ್ ಕೊಡ್ತೀಯಾ? ಅಷ್ಟು ಕೆಟ್ಟೋಳಾ ನೀನು?"

*

ಗಂಡಸರು ಸಾಲುಗಟ್ಟಿ ನಿಂತರು. ಮುಂದೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಬುರುಲ್. ಮೆದೆರ್ ತನ್ನ ಎರಡು ಮಾತು ಆಡಿದ. ಎರಡು ಇಪ್ಪತ್ತಾಯಿತು. ವಿದ್ಯೆಯಿಲ್ಲದ ಹೆಂಗಸು, ಮೊಂಡುತನದಿಂದ ದೇಶದ ಸೊತ್ತು ಹಾಳು ಮಾಡಿದಳು, ಆದರೂ ನಾವು ದೊಡ್ಡ ಮನಸ್ಸು ಮಾಡಿ ಮರೆತಿದ್ದೇವೆ ಎಂದು ಅವನು ಹೇಳಿದ್ದು ಕಂಬಳಿ ಗೋಡೆ ದಾಟಿ ಒಳಗಿನವರಿಗೂ ಕೇಳಿತು.

ಮುಲ್ಲಾ ಕೇಳಿದ. "ಇವರು ಎಂಥ ಮನುಷ್ಯರಾಗಿದ್ರು?"

ಯಾರೂ ಮಾತಾಡಲಿಲ್ಲ. ಒಬ್ಬ ತನ್ನ ಬೂಟಿನ ತುದಿ ನೋಡಿದ. ಕುಬಾತನ ಬಾಯಿಂದಲೂ ಸ್ವರ ಬರಲಿಲ್ಲ.

ಮುಲ್ಲಾ ವಯಸ್ಸಾದವನು, ಕಿವಿ ಮಂದ. ತನಗೇ ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಕೇಳಿದ. ಇನ್ನೊಮ್ಮೆಯೂ ಅದೇ ಮೌನ. ಗುಡಾರದೊಳಗೆ ಕಾಲಿಪಾ ಪಕ್ಕದವಳ ತೊಡೆಯನ್ನು ಮೆಲ್ಲಗೆ ತಟ್ಟಿದಳು.

ಆಗ ಚೋಲ್ಪೋನ್ ಹಾಡತೊಡಗಿದಳು. ಮೊದಲು ಬಂದದ್ದು ಹೆಸರು. "ಬುರುಲ್," ಎಂದು ಎಳೆದು ಹಾಡಿದಳು. ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ತರುವಂತಿಲ್ಲ, ಸತ್ತ ಮೇಲೂ ತರುವಂತಿಲ್ಲ. ಹೆಂಗಸರು ಬೆಚ್ಚಿಬಿದ್ದರು.

"ಬುರುಲ್, ನಿನ್ನ ಕಾಣಿಕೆ ನಂಗೆ ಬೇಡ, ತಗೊಂಡು ಹೋಗು. ಕಿಂಡೀಲಿ ಮಿಠಾಯಿ ಎರಚಿದೋಳು ನಾನು. ಮೂರು ಮರಿ ಸಾಯಿಸಿದೋಳು ನಾನು. ನನ್ನ ಮಗಳ ಮುಖ ನೋಡಿ ನೀನು ಮರಿನುಂಗಿ ಆದೆ, ಬುರುಲ್."

ರಾಗ ಅಳುವಿನದೇ. ಮಾತು ಮಾತ್ರ ಒಂದೊಂದೂ ಬಿಡಿಬಿಡಿಯಾಗಿ ಅಂಗಳಕ್ಕೆ ಹೋಗುತ್ತಿತ್ತು. ಕಾಲಿಪಾ ಹಿಂದಿನಿಂದ ಬಂದು ಅವಳ ಬಾಯಿಗೆ ಕೈಯಡ್ಡ ಇಟ್ಟಳು. ಚೋಲ್ಪೋನ್ ಆ ಕೈಯನ್ನು ಕಚ್ಚಿ ಬಿಡಿಸಿಕೊಂಡು, ಮತ್ತೆ ಮೊದಲಿನಿಂದ ಹಾಡಿದಳು. ಮೆದೆರ್ ಟಿವಿಯವರ ಮುಂದೆ ಓದಿದ ಕಾಗದದಲ್ಲಿ ಒಂದಕ್ಷರವೂ ನಿಜವಿಲ್ಲ ಎಂದು ಹಾಡಿದಳು.

ಹೆಣದ ಮುಂದೆ, ಮುಲ್ಲಾನ ಮುಂದೆ, ಒಬ್ಬ ಸೊಸೆ ಇಂಥದ್ದನ್ನು ಹಾಡುವುದೆಂದರೆ ಊರಿಗೇ ಮಾನಗೇಡು. ಮೆದೆರನೇ ಮೊದಲು ಕೂಗಿದ್ದು.

"ಒಳ್ಳೇವ್ರಾಗಿದ್ರು!"

ಅವಳ ಸ್ವರ ಅಡಗಿಸಲು ಇನ್ನೊಬ್ಬ ಕೂಗಿದ. ಆಮೇಲೆ ಎಲ್ಲರೂ. ಒಳ್ಳೇವ್ರಾಗಿದ್ರು, ಒಳ್ಳೇವ್ರಾಗಿದ್ರು ಎಂದು ಇನ್ನೂರು ಗಂಡಸರು ಗಂಟಲು ಹರಿಯುವಂತೆ ಕೂಗಿದರು. ಕೋಕ್‌ಬುಲಾಕಿನಲ್ಲಿ ಯಾವ ದೊಡ್ಡ ಮನುಷ್ಯನಿಗೂ ಅಷ್ಟು ಜೋರಾಗಿ ಹೇಳಿದ್ದಿಲ್ಲ. ಮುಲ್ಲಾನ ಮಂದ ಕಿವಿಗೂ ಚೆನ್ನಾಗಿ ಕೇಳಿತು. ಅವನು ತೃಪ್ತಿಯಿಂದ ತಲೆಯಾಡಿಸಿ ಪ್ರಾರ್ಥನೆಗೆ ತೊಡಗಿದ.

*

ಮಣ್ಣು ಮಾಡಿ ಬಂದ ಗಂಡಸರು ಕೈ ತೊಳೆದು ಊಟಕ್ಕೆ ಕೂತರು. ಕುಬಾತ್ ಗುಡಾರದ ಕಡೆ ಬರಲಿಲ್ಲ. ಮಗಳು ಕಾಲಿಪಾಳ ಮನೆಯಲ್ಲಿ ಇರುತ್ತಾಳೆ ಎಂದು ಯಾರಿಂದಲೋ ಹೇಳಿ ಕಳಿಸಿದ. ಎಷ್ಟು ದಿನ ಎಂದು ಹೇಳಲಿಲ್ಲ.

ಹೆಂಗಸರಿಗೆ ಬಟ್ಟೆಯ ತುಂಡು ಹಂಚುವುದು ಉಳಿದಿತ್ತು. ಸಾವಿನ ಮನೆಯಲ್ಲಿ ಹೊಸ ಬಟ್ಟೆ ಹರಿದು ಬಂದವರಿಗೆಲ್ಲ ಒಂದೊಂದು ತುಂಡು ಕೊಡುತ್ತಾರೆ. ಒಳ್ಳೆಯವರೆನಿಸಿಕೊಂಡು ಹೋದವರದಾದರೆ ಜನ ಮೇಲೆ ಬಿದ್ದು ಕೇಳಿ ತೆಗೆದುಕೊಂಡು ಹೋಗಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಬಟ್ಟೆ ಮುಟ್ಟದೆ ಬರಿಗೈಯಲ್ಲೇ ಹೋಗುತ್ತೇವೆ ಎಂದು ಹೇಳಿಕೊಂಡು ಬಂದಿದ್ದವರು ಒಬ್ಬರೂ ಎದ್ದು ಹೋಗಿರಲಿಲ್ಲ. ತನ್ನ ಮೊಮ್ಮಗಳಿಗೂ ಒಂದು ಬೇಕಾಗಿತ್ತು ಎಂದು ಮೆದೆರನ ಹೆಂಡತಿ ಪಕ್ಕದವಳಿಗೆ ಹೇಳುತ್ತಿದ್ದಳು.

ಚೋಲ್ಪೋನ್ ಮೊದಲ ತುಂಡನ್ನು ಎರಡೂ ಕೈಯಲ್ಲಿ ಹಿಡಿದು, ಹತ್ತಿರದಲ್ಲಿದ್ದ ಮುದುಕಿಯ ಮುಂದೆ ಬಾಗಿದಳು. ಮುದುಕಿ ಕೈಗಳನ್ನು ತೋಳಿನೊಳಗೆ ಎಳೆದುಕೊಂಡಳು. ಪಕ್ಕದವಳು ಲಂಗದ ಅಂಚನ್ನು ಒಳಕ್ಕೆ ಸರಿಸಿಕೊಂಡಳು. ಮೂರನೆಯವಳು ಮೇಲೆ ನೋಡಿದಳು. ಎಲ್ಲರ ಕಣ್ಣೂ ಬಟ್ಟೆಯ ಮೇಲಿತ್ತು, ಅವಳ ಕೈಯಿಂದ ತೆಗೆದುಕೊಳ್ಳಲು ಒಬ್ಬರ ಕೈಯೂ ಮುಂದೆ ಬರಲಿಲ್ಲ.

ಚೋಲ್ಪೋನ್ ಅಷ್ಟೂ ತುಂಡುಗಳನ್ನು ನಡುವೆ ಚಾಪೆಯ ಮೇಲೆ ಇಟ್ಟಳು. ಮೂರು ಹೆಜ್ಜೆ ಹಿಂದೆ ಸರಿದಳು. ಯಾರೂ ಕದಲಲಿಲ್ಲ. ಬೆನ್ನು ಗೋಡೆಗೆ ತಾಗುವವರೆಗೂ ಸರಿದಳು. ಆಗಲೂ ಇಲ್ಲ.

ಮುಖ ತಿರುಗಿಸಿ ನಿಂತಳು. ಆಮೇಲೆ ಅವರು ಒಬ್ಬೊಬ್ಬರಾಗಿ, ಸದ್ದಿಲ್ಲದೆ, ಚಾಪೆಯ ಹತ್ತಿರ ಬಂದರು.